ಬಿಸಿಲಿಗೆ ಕೆರೆ ಹಸಿರು, ನಸುಕಿಗೆ ಮೀನು ಮೇಲೆ: ಸಂಘ ಮೊದಲು ಯಾವುದಕ್ಕೆ ಕೈಹಾಕಬೇಕು?

ದಡದಮನೆ ಕೇಳಿದ್ದು:

ಕೆರೆ ದಡದಲ್ಲಿ ಜಾಗ ಇರುವ 40 ಮನೆಗಳ ಸಂಘದ ಪರವಾಗಿ ಕೇಳುತ್ತಿದ್ದೇನೆ. ಕೆರೆ 25 ಹೆಕ್ಟೇರ್, ಸರಾಸರಿ ಆಳ 3 ಮೀಟರ್, ಅತಿ ಆಳದ ಗುಂಡಿ 7 ಮೀಟರ್. ಒಂದು ಕಡೆ ತೊರೆ ಬಂದು ಸೇರುತ್ತದೆ, ಇನ್ನೊಂದು ಕಡೆ ಕೋಡಿ. ಎಲ್ಲ ಮನೆಗೂ ಸ್ವಂತ ಸೆಪ್ಟಿಕ್ ಟ್ಯಾಂಕ್. ಬಹಳ ಮನೆಗಳಲ್ಲಿ ಹುಲ್ಲುಹಾಸು ನೀರಿನ ಅಂಚಿನವರೆಗೂ ಇದೆ.

ಬಿಸಿಲು ಏರಿದ ತಿಂಗಳುಗಳಲ್ಲಿ ನೀರು ಹಸಿರು ಬಣ್ಣ ಕಲಸಿಟ್ಟ ಹಾಗಾಗುತ್ತದೆ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಡಿಯುತ್ತವೆ, ಎರಡು ಸಲ ದೊಡ್ಡ ಮೀನುಗಳೇ ಸತ್ತು ತೇಲಿವೆ. ಸಭೆಯ ಮುಂದೆ ನಾಲ್ಕು ಸಲಹೆ ಇವೆ: ಮೈಲುತುತ್ತ ಹಾಕುವುದು, ಹುಲ್ಲುಗೆಂಡೆ ಬಿಡುವುದು, ನಡುವೆ ಕಾರಂಜಿ ಕೂರಿಸುವುದು, ಮೀನುಮರಿ ಹೆಚ್ಚು ಬಿಡುವುದು. ದುಡ್ಡು ಒಂದಕ್ಕೆ ಮಾತ್ರ ಸಾಕು. ನೀರು ಪರೀಕ್ಷೆಗೆ ಕೊಟ್ಟಾಗ "ಫಾಸ್ಫೇಟ್: ಲೀಟರಿಗೆ 0.1 ಮಿಲಿಗ್ರಾಂಗಿಂತ ಕಡಿಮೆ" ಎಂದು ಬಂದಿದೆ. ಹಾಗಾದರೆ ಗೊಬ್ಬರಾಂಶದ ತೊಂದರೆ ಇಲ್ಲ ಅಂತಲೇ ಅರ್ಥವೇ? ನಾಲ್ಕರಲ್ಲಿ ಯಾವುದು ಸರಿ?

---

ನೀರಳತೆ:

ಸದ್ಯಕ್ಕೆ ನಾಲ್ಕೂ ಬೇಡ. ಮೊದಲು ಆ ವರದಿಯ ವಿಷಯ.

"ಫಾಸ್ಫೇಟ್" ಎಂದು ಬರೆದಿದ್ದರೆ ಆ ಅಂಕಿಯಲ್ಲಿ ಆಮ್ಲಜನಕದ ತೂಕವೂ ಸೇರಿರುತ್ತದೆ. ಫಾಸ್ಫರಸ್ ಎಷ್ಟು ಅಂತ ಬೇಕಾದರೆ 3.07ರಿಂದ ಭಾಗಿಸಬೇಕು. 0.1 ಮಿಲಿಗ್ರಾಂ ಫಾಸ್ಫೇಟ್ ಅಂದರೆ ಸುಮಾರು 33 ಮೈಕ್ರೊಗ್ರಾಂ ಫಾಸ್ಫರಸ್. ಕೆರೆ ಹಸಿರಾಗಲು ಅಷ್ಟೇ ಸಾಕು. ಅಂದರೆ ಆ ಪರೀಕ್ಷೆ ನೋಡಲು ಶುರುಮಾಡುವ ಮಟ್ಟವೇ ನಿಮಗೆ ಅಪಾಯದ ಮಟ್ಟ. ಕೊಳಚೆ ನೀರಿಗೆಂದು ಇಟ್ಟುಕೊಂಡ ವಿಧಾನದಲ್ಲಿ ಕೆರೆ ನೀರು ಅಳೆದರೆ ಹೀಗೇ ಆಗುವುದು. ಇನ್ನೊಂದು ವಿಷಯ, ಅವರು ಅಳೆದದ್ದು ಬಹುಶಃ ಕರಗಿದ ಫಾಸ್ಫೇಟ್ ಮಾತ್ರ. ಹಸಿರು ಕೆರೆಯಲ್ಲಿ ಅದನ್ನು ಪಾಚಿ ಆಗಲೇ ಹೀರಿಕೊಂಡಿರುತ್ತದೆ. ಊಟ ಮುಗಿದ ಮೇಲೆ ಖಾಲಿ ತಟ್ಟೆ ನೋಡಿ ಅಡುಗೆಯೇ ಆಗಿರಲಿಲ್ಲ ಅಂದ ಹಾಗೆ. ನೀವು ಕೇಳಬೇಕಾದ್ದು "ಒಟ್ಟು ಫಾಸ್ಫರಸ್", ಪತ್ತೆ ಮಿತಿ ಲೀಟರಿಗೆ 5 ಮೈಕ್ರೊಗ್ರಾಂ, ಹೆಚ್ಚೆಂದರೆ 10. ಈ ಮಿತಿಯನ್ನು ಫೋನಿನಲ್ಲೇ ಕೇಳಿ ಖಚಿತ ಮಾಡಿಕೊಂಡು ಆಮೇಲೆ ಬಾಟಲಿ ಕಳಿಸಿ.

ಬಾಟಲಿ ಪ್ರಯೋಗಾಲಯದವರೇ ಆಮ್ಲದಲ್ಲಿ ತೊಳೆದು ಕೊಟ್ಟದ್ದಿರಲಿ. ಮನೆಯ ಸೋಪಿನಲ್ಲಿ ತೊಳೆದರೆ ಸೋಪಿನ ಫಾಸ್ಫರಸ್ಸೇ ವರದಿಯಲ್ಲಿ ಬರಬಹುದು. ಅತಿ ಆಳದ ಗುಂಡಿಯ ಮೇಲೆ ದೋಣಿ ನಿಲ್ಲಿಸಿ, ಅರ್ಧ ಮೀಟರ್ ಆಳದಿಂದ ಒಂದು ಬಾಟಲಿ, ತಳಕ್ಕಿಂತ ಒಂದು ಮೀಟರ್ ಮೇಲಿನಿಂದ ಇನ್ನೊಂದು. ತಳದ ಕೆಸರು ಒಂದು ಚಿಟಿಕೆ ಸೇರಿದರೂ ಎರಡನೆಯ ಅಂಕಿ ಕೆಟ್ಟಿತು, ಆದ್ದರಿಂದ ಹಗ್ಗದಲ್ಲಿ ಆಳ ನೋಡಿಕೊಂಡೇ ಇಳಿಸಿ. ಗಂಧಕಾಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿ ತಂಪಿನಲ್ಲಿಟ್ಟರೆ ಒಟ್ಟು ಫಾಸ್ಫರಸ್‌ನ ಮಾದರಿ 28 ದಿನ ತಡೆಯುತ್ತದೆ. ಜೊತೆಗೆ ಕ್ಲೋರೊಫಿಲ್-ಎ (ಪಾಚಿಯ ಹಸಿರು ಬಣ್ಣ, ಪಾಚಿ ಎಷ್ಟಿದೆ ಎಂದು ಹೇಳುತ್ತದೆ) ಪರೀಕ್ಷೆಗೊಂದು ಕಪ್ಪು ಬಾಟಲಿ. ಅದು ಬೆಳಕು ಕಾಣಬಾರದು, ಐಸ್ ಮೇಲಿದ್ದು ಒಂದು ದಿನದೊಳಗೆ ಸೋಸಬೇಕು.

ಪಾರದರ್ಶಕತೆಗೆ ಸೆಕ್ಕಿ ತಟ್ಟೆ. 1865ರಲ್ಲಿ ಸೆಕ್ಕಿ ಎಂಬ ಇಟಲಿಯ ಪಾದ್ರಿ ಬಳಕೆಗೆ ತಂದದ್ದು, ಇವತ್ತಿಗೂ ಇದಕ್ಕಿಂತ ಅಗ್ಗದ ಉಪಕರಣ ಇಲ್ಲ. 20 ಸೆಂಟಿಮೀಟರ್ ಅಗಲದ ತಟ್ಟೆ, ನಾಲ್ಕು ಭಾಗ ಮಾಡಿ ಕಪ್ಪು ಬಿಳಿ ಬಣ್ಣ, ಕೆಳಗೊಂದು ತೂಕ. ಹಗ್ಗ ನೆನೆದಾಗ ಹಿಗ್ಗದಂಥದ್ದಿರಬೇಕು, 10 ಸೆಂಟಿಮೀಟರಿಗೊಂದು ಗುರುತು. ಬಿಸಿಲು ನೆತ್ತಿಯ ಆಸುಪಾಸಿನಲ್ಲಿರುವಾಗ ದೋಣಿಯ ನೆರಳಿನ ಬದಿಯಲ್ಲಿ ಇಳಿಸಿ, ಕಪ್ಪು ಕನ್ನಡಕ ತೆಗೆದಿಡಿ. ತಟ್ಟೆ ಮರೆಯಾದ ಆಳ ಒಂದು, ಮೇಲೆಳೆಯುವಾಗ ಮತ್ತೆ ಕಂಡ ಆಳ ಇನ್ನೊಂದು, ಎರಡರ ಸರಾಸರಿ ಬರೆದುಕೊಳ್ಳಿ. ಎರಡು ವಾರಕ್ಕೊಮ್ಮೆ, ಅದೇ ಜಾಗ. ಅಳೆಯುವವರು ಪದೇ ಪದೇ ಬದಲಾದರೆ ಅಂಕಿಯೂ ಬದಲಾಗುತ್ತದೆ, ಕೆರೆ ಬದಲಾಗದಿದ್ದರೂ.

ಎಲ್ಲಕ್ಕಿಂತ ಮುಖ್ಯ, ಆಮ್ಲಜನಕ. ಮೀಟರ್ ಬಾಡಿಗೆಗಾದರೂ ತಂದು ಮೇಲಿನಿಂದ ತಳದವರೆಗೆ ಒಂದೊಂದು ಮೀಟರಿಗೆ ಅಳೆಯಿರಿ, ಉಷ್ಣತೆಯೂ ಸೇರಿ. ಒಂದು ಸಲ ಸೂರ್ಯ ಹುಟ್ಟುವ ಮೊದಲು, ಅದೇ ದಿನ ಮಧ್ಯಾಹ್ನ 3ಕ್ಕೆ ಮತ್ತೊಂದು ಸಲ. ಹಳೆಯ ಪೊರೆ ಮಾದರಿಯ ಮೀಟರಾದರೆ ಕಡ್ಡಿಯನ್ನು ನೀರಿನಲ್ಲಿ ನಿಧಾನವಾಗಿ ಆಡಿಸುತ್ತಲೇ ಇರಬೇಕು. ಸುಮ್ಮನೆ ಹಿಡಿದರೆ ಪೊರೆಯ ಬಳಿಯ ಆಮ್ಲಜನಕವನ್ನು ಅದೇ ತಿಂದು ಸುಳ್ಳು ಕಡಿಮೆ ತೋರಿಸುತ್ತದೆ. ಈ ಅಂಕಿಗಳು ಬಂದ ಮೇಲೆ ಮಾತಾಡೋಣ.

---

ಹೂಳಿನಾಳ:

ನಾಲ್ಕೂ ಬೇಡ ಎನ್ನುವುದಕ್ಕೆ ನನ್ನದೂ ಒಂದು ಮತ. ಸಭೆಯಲ್ಲಿ "ಯಾಕೆ ಬೇಡ?" ಎಂದು ಕೇಳುತ್ತಾರೆ, ಆದ್ದರಿಂದ ಕಾರಣ ಹೇಳುತ್ತೇನೆ.

ಮೈಲುತುತ್ತ: ಪಾಚಿ ಸಾಯುತ್ತದೆ, ಅನುಮಾನವಿಲ್ಲ. ಆದರೆ ಸತ್ತ ಪಾಚಿ ಅಲ್ಲೇ ಕೊಳೆತು ಇದ್ದ ಆಮ್ಲಜನಕವನ್ನೂ ಎಳೆದುಕೊಳ್ಳುತ್ತದೆ. ನಸುಕಿನಲ್ಲಿ ಆಗಲೇ ಬಾಯಿ ಬಡಿಯುತ್ತಿರುವ ಮೀನಿಗೆ ಅದು ಕೊನೆಯ ಪೆಟ್ಟು. ನೀಲಿಹಸಿರು ಪಾಚಿಯಾದರೆ ಕೋಶ ಒಡೆದು ಒಳಗಿನ ವಿಷ ಒಂದೇ ಸಲ ನೀರಿಗೆ ಬೀಳುತ್ತದೆ. ಅದರೊಳಗಿದ್ದ ಫಾಸ್ಫರಸ್ ವಾಪಸ್ ನೀರಿಗೇ, ಕೆಲವು ವಾರದಲ್ಲಿ ಮತ್ತೆ ಹಸಿರು. ತಾಮ್ರ ಮಾತ್ರ ಎಲ್ಲಿಗೂ ಹೋಗದೆ ಕೆಸರಿನಲ್ಲಿ ವರ್ಷವರ್ಷವೂ ಸೇರುತ್ತದೆ. ಇಷ್ಟಾದರೂ ಹಾಕಲೇಬೇಕೆಂದರೆ ಪ್ರಮಾಣ ನಿರ್ಧರಿಸುವುದು ನೀರಿನ ಕ್ಷಾರತೆ, ಅಂದರೆ ಆಮ್ಲವನ್ನು ತಡೆದುಕೊಳ್ಳುವ ಶಕ್ತಿ. ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬಂದ ಕ್ಷಾರತೆಯನ್ನು 100ರಿಂದ ಭಾಗಿಸಿದರೆ ಮೈಲುತುತ್ತದ ಮಿಲಿಗ್ರಾಂ ಸಿಗುತ್ತದೆ. ಕ್ಷಾರತೆ 50ಕ್ಕಿಂತ ಕಡಿಮೆಯಿದ್ದರೆ ಆ ಡಬ್ಬಿ ತೆರೆಯಲೇಬೇಡಿ, ಮೆದು ನೀರಿನಲ್ಲಿ ತಾಮ್ರ ನೇರ ಕಿವಿರಿಗೇ ಹೊಡೆಯುತ್ತದೆ. ಒಂದು ಸಲಕ್ಕೆ ಕೆರೆಯ ಮೂರನೇ ಒಂದು ಭಾಗ ಮಾತ್ರ, ಆಮೇಲೆ ಎರಡು ವಾರ ಬಿಡುವು. ಪರವಾನಗಿ ಬೇಕೇ ಎಂದು ಮೊದಲೇ ವಿಚಾರಿಸಿ.

ಹುಲ್ಲುಗೆಂಡೆ: ಅದು ತಿನ್ನುವುದು ಬೇರು ಬಿಟ್ಟ ಜಲಸಸ್ಯವನ್ನು, ನಿಮ್ಮ ನೀರಿನ ಹಸಿರನ್ನಲ್ಲ. ತಿಂದದ್ದರಲ್ಲಿ ಬಹುಪಾಲು ಹಿಕ್ಕೆಯಾಗಿ ಮತ್ತೆ ನೀರಿಗೆ. ಸಸ್ಯ ಹೋದರೆ ಆ ಗೊಬ್ಬರವೆಲ್ಲ ಪಾಚಿಯ ಪಾಲು. ಆಳ ಕಡಿಮೆಯಿರುವ ಕೆರೆಗೆ ಎರಡೇ ಸ್ಥಿತಿ: ಸಸ್ಯ ತುಂಬಿದ ತಿಳಿನೀರು, ಇಲ್ಲವೇ ಸಸ್ಯವಿಲ್ಲದ ಹಸಿರುನೀರು. ಒಂದರಿಂದ ಇನ್ನೊಂದಕ್ಕೆ ಜಾರುವುದು ಸುಲಭ, ವಾಪಸ್ ಬರುವುದು ಕಷ್ಟ. ಈ ಮೀನು ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ, ಬಿಟ್ಟ ಮೇಲೆ ಹಿಡಿಯುವುದು ಸುಲಭವಲ್ಲ.

ಕಾರಂಜಿ: ನೋಡಲು ಚೆಂದ. ಮೇಲಿನ ನೀರನ್ನೇ ಎತ್ತಿ ಮೇಲೇ ಸುರಿಯುತ್ತದೆ. 25 ಹೆಕ್ಟೇರಿಗೆ ಅದು ಸಾಲದು, ತಳಕ್ಕಂತೂ ತಲುಪುವುದೇ ಇಲ್ಲ.

---

ಗಾಳ_ದಾರ:

ಮೀನಿನ ಕಡೆಯಿಂದ ನೋಡೋಣ. ದೊಡ್ಡವು ಮೊದಲು ಸತ್ತಿವೆ, ನಸುಕಿನಲ್ಲಿ ಸತ್ತಿವೆ, ಉಳಿದವು ಮೇಲೆ ಬಂದು ಬಾಯಿ ಬಡಿದಿವೆ. ಮೂರೂ ಸೇರಿದರೆ ಆಮ್ಲಜನಕದ ಕೊರತೆಯ ಕಡೆಗೇ ಬೆರಳು ತೋರಿಸುತ್ತದೆ. ಸಣ್ಣ ಮರಿಗಳು ಮೊದಲು ಸತ್ತರೆ, ಅಥವಾ ಹೊತ್ತುಗೊತ್ತಿಲ್ಲದೆ ಎಲ್ಲವೂ ಒಟ್ಟಿಗೆ ಸತ್ತರೆ ವಿಷ ಸೇರಿದೆಯೇ ನೋಡಬೇಕು. ಒಂದೇ ಜಾತಿ ದಿನಕ್ಕಿಷ್ಟು ಅಂತ ಸಾಯುತ್ತಿದ್ದರೆ ರೋಗ.

ಮುಂದಿನ ಸಲ ಹೀಗಾದರೆ ಮೀನು ಎಣಿಸುವುದಕ್ಕೂ ಮೊದಲು ಮೀಟರ್ ನೀರಿಗೆ ಇಳಿಯಬೇಕು. ಬಿಸಿಲು ಬಿದ್ದ ಒಂದೆರಡು ಗಂಟೆಯಲ್ಲಿ ಪಾಚಿ ಮತ್ತೆ ಆಮ್ಲಜನಕ ಬಿಡಲು ಶುರುಮಾಡುತ್ತದೆ. 11 ಗಂಟೆಗೆ ಅಳೆದರೆ ನೀರು ಚೆನ್ನಾಗಿಯೇ ಕಾಣುತ್ತದೆ, ಸಾಕ್ಷಿ ಹೋಗಿರುತ್ತದೆ. ಆಮೇಲೆ, ಕಿವಿರು ಇನ್ನೂ ಕೆಂಪಗಿರುವ ಮೂರು ನಾಲ್ಕು ಮೀನು ಆರಿಸಿ. ರೋಗದ ಪರೀಕ್ಷೆಗಾದರೆ ಐಸ್ ಮೇಲೆ, ಹೆಪ್ಪುಗಟ್ಟಿಸಬಾರದು. ವಿಷದ ಪರೀಕ್ಷೆಗಾದರೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಹೆಪ್ಪುಗಟ್ಟಿಸಿ. ಒಂದು ಗಾಜಿನ ಬಾಟಲಿ ತುಂಬ ನೀರು. ಕಿವಿರು ಬಿಳಚಿ ಕಣ್ಣು ಮಸುಕಾದ ಮೀನು ಯಾವ ಪರೀಕ್ಷೆಗೂ ಬರುವುದಿಲ್ಲ.

ಮರಿ ಬಿಡುವ ಸಲಹೆ ಬಗ್ಗೆ: ಇರುವ ಮೀನಿಗೇ ಉಸಿರಿಲ್ಲದ ಕೆರೆಗೆ ಇನ್ನಷ್ಟು ಉಸಿರಾಡುವವರನ್ನು ಕಳಿಸಿ ಏನು ಬಂತು? ಇನ್ನೊಂದು ತೊಡಕಿದೆ. ಪಾಚಿ ಮೇಯುವ ಡಾಫ್ನಿಯಾ ಎಂಬ ಸಣ್ಣ ಜೀವಿಗಳಿರುತ್ತವೆ, ಸಾಸಿವೆಯಷ್ಟು ದೊಡ್ಡವು. ಸಣ್ಣ ಮೀನು ಅವನ್ನು ತಿನ್ನುತ್ತದೆ, ದೊಡ್ಡ ಬೇಟೆಮೀನು ಆ ಸಣ್ಣ ಮೀನನ್ನು ಹತೋಟಿಯಲ್ಲಿಡುತ್ತದೆ. ದೊಡ್ಡವನ್ನು ಹಿಡಿದು ತೆಗೆದು ಸಣ್ಣ ಮರಿ ತುಂಬಿಸಿದರೆ ಪಾಚಿಗೆ ಮೇಯುವವರೇ ಇಲ್ಲದಂತಾಗುತ್ತದೆ. ಸಂಘ ನಿಯಮ ಮಾಡುವುದಿದ್ದರೆ ದೊಡ್ಡ ಬೇಟೆಮೀನು ವಾಪಸ್ ನೀರಿಗೆ ಎಂದು ಮಾಡಲಿ.

ನಿಯಮಕ್ಕೂ ಮೊದಲು ಲೆಕ್ಕದ ಪುಸ್ತಕ. ಗಾಳ ಹಾಕಿದ ಪ್ರತಿಯೊಬ್ಬರೂ ಎಷ್ಟು ಗಂಟೆ, ಯಾವ ಜಾತಿ, ಎಷ್ಟು ಉದ್ದ ಎಂದು ಬರೆಯಬೇಕು. ಏನೂ ಸಿಗದ ದಿನವನ್ನೂ ಬರೆಯಬೇಕು. ಅದನ್ನು ಯಾರೂ ಬರೆಯುವುದಿಲ್ಲ, ಆಗ ಪುಸ್ತಕದಲ್ಲಿ ಕೆರೆ ತುಂಬ ಮೀನು! ಉದ್ದಗಳು ಸಿಕ್ಕರೆ ಸಮತೋಲನ ಗೊತ್ತಾಗುತ್ತದೆ. ಲಾರ್ಜ್‌ಮೌತ್ ಬಾಸ್ ಎಂಬ ಬೇಟೆಮೀನಿಗೆ ಬಳಸುವ ಲೆಕ್ಕ ಹೀಗೆ: 20 ಸೆಂಟಿಮೀಟರ್ ದಾಟಿದವುಗಳಲ್ಲಿ 30 ದಾಟಿದವು ನೂರಕ್ಕೆ ಎಷ್ಟು? 40ರಿಂದ 70 ಬಂದರೆ ಸರಿ. 10 ಬಂದರೆ ಸಣ್ಣವೇ ತುಂಬಿವೆ. 90 ಬಂದರೆ ಮರಿ ಮೇಲೆ ಬರುತ್ತಿಲ್ಲ. ಬೇರೆ ಜಾತಿಗೆ ಉದ್ದಗಳು ಬೇರೆ, ಲೆಕ್ಕದ ಬಗೆ ಅದೇ.

ದಡದಿಂದ ಮೀನಿಗೆ ಮೇವು ಹಾಕುವವರಿದ್ದರೆ ನಿಲ್ಲಿಸಿ. ಮೀನಿನ ಮೇವಿನಲ್ಲಿ ನೂರಕ್ಕೆ ಸುಮಾರು ಒಂದು ಭಾಗ ಫಾಸ್ಫರಸ್. 100 ಕಿಲೊ ಮೇವು ಅಂದರೆ ಒಂದು ಕಿಲೊ ಫಾಸ್ಫರಸ್ಸನ್ನು ಕೈಯಾರೆ ಎಸೆದ ಹಾಗೆ.

---

ದಡದಮನೆ:

ಆರು ವಾರದ ಅಂಕಿ ಈಗ ಇದೆ. ಸೆಕ್ಕಿ 0.6 ಮೀಟರ್. ಮೇಲಿನ ನೀರಿನ ಒಟ್ಟು ಫಾಸ್ಫರಸ್ 62 ಮೈಕ್ರೊಗ್ರಾಂ, ತಳದ್ದು 310. ಕ್ಲೋರೊಫಿಲ್ 35. ಕ್ಷಾರತೆ 45. ನಸುಕಿನ ಆಮ್ಲಜನಕ ಲೀಟರಿಗೆ ಮಿಲಿಗ್ರಾಂನಲ್ಲಿ: ಮೇಲೆ 3.4, ಒಂದು ಮೀಟರಿಗೆ 3.3, ಎರಡಕ್ಕೆ 3.0, ಮೂರಕ್ಕೆ 1.2, ನಾಲ್ಕಕ್ಕೆ 0.2, ಅಲ್ಲಿಂದ ಕೆಳಗೆ ಸೊನ್ನೆ. ಮಧ್ಯಾಹ್ನ ಮೇಲೆ 13. ಉಷ್ಣತೆ ಮೇಲೆ 29, ತಳದಲ್ಲಿ 23. ಮಧ್ಯಾಹ್ನದ 13 ಒಳ್ಳೆಯದೇ ಅಲ್ಲವೇ? ಮೈಲುತುತ್ತ ಬೇಕೆನ್ನುವವರು ಅದನ್ನೇ ತೋರಿಸುತ್ತಿದ್ದಾರೆ.

---

ನೀರಳತೆ:

13 ಕೆಟ್ಟ ಸುದ್ದಿ. ಆ ಬಿಸಿಯಲ್ಲಿ ನೀರು ಸಹಜವಾಗಿ ಹಿಡಿದಿಟ್ಟುಕೊಳ್ಳುವುದು 7.5ರ ಆಸುಪಾಸು. ಉಳಿದದ್ದು ಪಾಚಿಯ ಹಗಲಿನ ಸಂಪಾದನೆ, ರಾತ್ರಿ ಅದೇ ಪಾಚಿ ಅಷ್ಟನ್ನೂ ಖರ್ಚು ಮಾಡಿ 3.4ಕ್ಕೆ ಇಳಿಸುತ್ತದೆ. ಎರಡು ದಿನ ಮೋಡ ಕವಿದು ಗಾಳಿ ನಿಂತರೆ ಸಂಪಾದನೆ ಇಲ್ಲ, ಖರ್ಚು ಮಾತ್ರ. ನಿಮ್ಮ ಮೀನು ಸತ್ತದ್ದು ಅಂಥ ನಸುಕಿನಲ್ಲೇ ಇರಬೇಕು. ಮೀನಿಗೆ 5 ಇದ್ದರೆ ನೆಮ್ಮದಿ, 3ಕ್ಕಿಂತ ಕೆಳಗೆ ಸಂಕಟ, 2ಕ್ಕಿಂತ ಕೆಳಗೆ ಬಹಳ ಜಾತಿಗಳು ಉಳಿಯುವುದಿಲ್ಲ. ಪಾಚಿ ಉಕ್ಕಿದ ಮಧ್ಯಾಹ್ನ ಪಿಎಚ್ ಕೂಡ 9ರ ಹತ್ತಿರ ಏರಬಹುದು, ಅದನ್ನೂ ಅಳೆದುಕೊಳ್ಳಿ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಅಮೋನಿಯಾದಲ್ಲಿ ವಿಷದ ರೂಪ ನೂರಕ್ಕೆ ಒಂದೂ ಇರುವುದಿಲ್ಲ, 9ಕ್ಕೆ ಏರಿದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು.

ಈಗ ಕೆರೆಯಲ್ಲಿ ಪಾಚಿ ಎಷ್ಟು ಬೆಳೆದಿದೆ ಎಂದು ಅಳೆಯುವ ಕಾರ್ಲ್‌ಸನ್ ಸೂಚ್ಯಂಕಕ್ಕೆ ಹಾಕಿ ನೋಡೋಣ (1977ರದು, ಕ್ಯಾಲ್ಕುಲೇಟರಿನಲ್ಲೇ ಆಗುತ್ತದೆ, ಸಹಜ ಲಾಗ್ ಬಳಸಬೇಕು). ಸೆಕ್ಕಿಗೆ 60 ಕಳೆ 14.41 ಗುಣಿಸು ಆಳದ ಲಾಗ್: 67. ಫಾಸ್ಫರಸ್‌ಗೆ 14.42 ಗುಣಿಸು ಲಾಗ್ ಕೂಡು 4.15: 64. ಕ್ಲೋರೊಫಿಲ್‌ಗೆ 9.81 ಗುಣಿಸು ಲಾಗ್ ಕೂಡು 30.6: 65. ಮೂರೂ ಹತ್ತಿರ ಹತ್ತಿರ ಬಂದಿವೆ. ಅಂದರೆ ನೀರು ಕಲಕಿರುವುದು ಪಾಚಿಯಿಂದ, ಪಾಚಿಗೆ ಕಡಿವಾಣ ಇರುವುದು ಫಾಸ್ಫರಸ್‌ನಲ್ಲಿ. ಸೆಕ್ಕಿಯದು 67 ಬಂದು ಕ್ಲೋರೊಫಿಲ್‌ನದು 50 ಬಂದಿದ್ದರೆ ಕಥೆಯೇ ಬೇರೆ: ಅದು ಮಣ್ಣಿನ ರಾಡಿ, ತಳ ಕೆದಕುವ ಸಾಮಾನ್ಯ ಗೆಂಡೆಯನ್ನೋ ಮೋಟಾರ್ ದೋಣಿಯನ್ನೋ ಹಿಡಿಯಬೇಕಿತ್ತು.

ಸಾರಜನಕ ಅಲ್ಲ, ಫಾಸ್ಫರಸ್ಸೇ ಯಾಕೆ ಎಂದು ಸಭೆಯಲ್ಲಿ ಕೇಳಿದರೆ ಕೆನಡಾದ ಒಂಟಾರಿಯೊದ 226ನೇ ನಂಬರಿನ ಕೆರೆಯ ಫೋಟೊ ತೋರಿಸಿ. 1973ರಲ್ಲಿ ಕೆರೆಯ ನಡುವಿಗೆ ಪ್ಲಾಸ್ಟಿಕ್ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡಕ್ಕೂ ಇಂಗಾಲ, ಸಾರಜನಕ ಹಾಕಿದರು, ಒಂದಕ್ಕೆ ಮಾತ್ರ ಫಾಸ್ಫರಸ್ಸನ್ನೂ ಸೇರಿಸಿದರು. ಆ ಅರ್ಧ ಮಾತ್ರ ಹಸಿರಾಯಿತು.

ಕಿಲೊ ಲೆಕ್ಕ: 25 ಹೆಕ್ಟೇರ್, 3 ಮೀಟರ್, ಒಟ್ಟು 7.5 ಲಕ್ಷ ಘನ ಮೀಟರ್ ನೀರು. 4 ಮೀಟರಿಗಿಂತ ಕೆಳಗಿನ ನೀರು ಅದರಲ್ಲಿ 80 ಸಾವಿರ ಘನ ಮೀಟರ್ ಎಂದಿಟ್ಟುಕೊಳ್ಳಿ (ಆಳದ ನಕ್ಷೆ ಮಾಡಿ ಸರಿಪಡಿಸಿ). ಅಲ್ಲಿ ಮೇಲಿನದಕ್ಕಿಂತ 248 ಮೈಕ್ರೊಗ್ರಾಂ ಹೆಚ್ಚು, ಅಂದರೆ ಸುಮಾರು 20 ಕಿಲೊ ಫಾಸ್ಫರಸ್ ತಳದಲ್ಲಿ ಕಾಯುತ್ತ ಕೂತಿದೆ. ಒಂದು ಜೋರು ಗಾಳಿಗೆ ಪೂರ್ತಿ ಮೇಲೆ ಬೆರೆತರೆ ಇಡೀ ಕೆರೆಯ ಅಂಕಿ 27ರಷ್ಟು ಏರುತ್ತದೆ.

ಇದು ಬರುವುದು ನಿಮ್ಮ ಹಳೆಯ ಕೆಸರಿನಿಂದ. ಆಮ್ಲಜನಕ ಇರುವಾಗ ಕಬ್ಬಿಣ ಫಾಸ್ಫೇಟನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಆಮ್ಲಜನಕ ಮುಗಿದರೆ ಕಬ್ಬಿಣ ಕರಗುತ್ತದೆ, ಹಿಡಿತ ಬಿಟ್ಟುಹೋಗುತ್ತದೆ. ಆದರೆ ಕೆಸರಿಗೆ ಅದನ್ನು ತುಂಬಿದವರು ದಡದವರು ಮತ್ತು ತೊರೆ. ಹೊರಗಿನ ನಲ್ಲಿ ಕಟ್ಟದೆ ಒಳಗೆ ಒರೆಸುತ್ತ ಕೂತರೆ ಮುಗಿಯುವ ಕೆಲಸವಲ್ಲ.

ತೊರೆಯನ್ನು ಮಳೆ ಬಂದಾಗ ಅಳೆಯಿರಿ, ಒಣ ದಿನದ ಅಂಕಿ ಸಮಾಧಾನಕ್ಕೆ ಮಾತ್ರ. ನೇರವಾಗಿ ಹರಿಯುವ 10 ಮೀಟರ್ ಗುರುತು ಮಾಡಿ, ಅರ್ಧ ಮುಳುಗಿ ತೇಲುವ ವಸ್ತು ಬಿಟ್ಟು ಸಮಯ ನೋಡಿ, ಬಂದ ವೇಗಕ್ಕೆ 0.85 ಗುಣಿಸಿ (ಮೇಲಿನ ನೀರು ಒಳಗಿನದಕ್ಕಿಂತ ಬೇಗ ಹರಿಯುತ್ತದೆ), ಅಗಲ ಮತ್ತು ಸರಾಸರಿ ಆಳದಿಂದ ಗುಣಿಸಿ. ಸೆಕೆಂಡಿಗೆ 0.2 ಘನ ಮೀಟರ್, 150 ಮೈಕ್ರೊಗ್ರಾಂ ಇದ್ದರೆ ಗಂಟೆಗೆ 108 ಗ್ರಾಂ ಒಳಬರುತ್ತಿದೆ. ನೀರು ಏರಲು ಶುರುವಾದ ಕೂಡಲೇ ಒಂದು ಬಾಟಲಿ, ಏರಿದ ಮೇಲೆ ಒಂದು, ಇಳಿಯುವಾಗ ಒಂದು. ಮೊದಲನೆಯ ಬಾಟಲಿ ತಪ್ಪಿಸಿಕೊಂಡರೆ ಹೆಚ್ಚಿನ ಕೊಳೆಯೇ ಲೆಕ್ಕಕ್ಕೆ ತಪ್ಪಿದ ಹಾಗೆ.

---

ಇಂಗುಗುಂಡಿ:

ಸೆಪ್ಟಿಕ್ ಬಗ್ಗೆ ಯಾರೂ ಮುಟ್ಟಿಲ್ಲ. ಒಬ್ಬ ಮನುಷ್ಯ ವರ್ಷಕ್ಕೆ ಹೊರಹಾಕುವ ಫಾಸ್ಫರಸ್ ಅರ್ಧ ಕಿಲೊಗಿಂತ ಸ್ವಲ್ಪ ಹೆಚ್ಚು, 0.6 ಎಂದಿಟ್ಟುಕೊಳ್ಳಿ. 40 ಮನೆ, ಮನೆಗೆ ಮೂವರು, ವರ್ಷಕ್ಕೆ 72 ಕಿಲೊ ನೆಲದೊಳಗೆ. ಹತ್ತನೇ ಒಂದು ಭಾಗ ಕೆರೆಗೆ ಸೇರಿದರೂ 7 ಕಿಲೊ, ಅಂದರೆ ನಿಮ್ಮ ನೀರಿನಲ್ಲಿ ಹತ್ತಿರ ಹತ್ತಿರ 10 ಮೈಕ್ರೊಗ್ರಾಂ.

ಟ್ಯಾಂಕ್ ಫಾಸ್ಫರಸ್ಸನ್ನು ತಡೆಯುವುದು ಸ್ವಲ್ಪವೇ. ತಡೆಯುವುದು ಇಂಗುವ ಮಣ್ಣು. ಆ ಮಣ್ಣಿಗೂ ಒಂದು ಮಿತಿ ಇದೆ, ಮರಳು ನೆಲವಾದರೆ ಬೇಗ ತುಂಬಿಹೋಗುತ್ತದೆ. ಟ್ಯಾಂಕಿನ ನೀರು ಇಂಗಲು ಬಿಡುವ ಇಂಗುಕಾಲುವೆಯ ತಳದಿಂದ ಅಂತರ್ಜಲದವರೆಗೆ ಕಡೆಪಕ್ಷ 60ರಿಂದ 90 ಸೆಂಟಿಮೀಟರ್ ಒಣ ಮಣ್ಣು ಇರಬೇಕು. ಕೆರೆ ತುಂಬಿದಾಗ ದಡದ ಅಂತರ್ಜಲವೂ ಏರುತ್ತದೆ, ಆದ್ದರಿಂದ ನೀರು ಅತಿ ಮೇಲಿರುವ ತಿಂಗಳಲ್ಲೇ ತೋಡಿ ನೋಡಿ.

ಬಣ್ಣ ಹಾಕಿ ನೋಡುವ ಪರೀಕ್ಷೆಯನ್ನು ನೆಚ್ಚಿಕೊಳ್ಳಬೇಡಿ. ಶೌಚಾಲಯಕ್ಕೆ ಹಾಕಿದ ಹಸಿರು ಬಣ್ಣ ದಡದಲ್ಲಿ ಕಂಡರೆ ಆ ವ್ಯವಸ್ಥೆ ಪೂರ್ತಿ ಕೆಟ್ಟಿದೆ ಎಂದು ಗೊತ್ತಾಗುತ್ತದೆ. ಕಾಣದಿದ್ದರೆ ಸರಿಯಿದೆ ಎಂದು ಗೊತ್ತಾಗುವುದಿಲ್ಲ.

ಟ್ಯಾಂಕಿನೊಳಗೆ ನೋಡುವುದು ಹೀಗೆ: ಉದ್ದ ಕೋಲಿಗೆ ಬಿಳಿ ಟವೆಲ್ ಬಟ್ಟೆ ಸುತ್ತಿ ತಳದವರೆಗೆ ಇಳಿಸಿ, ಕೆಲವು ನಿಮಿಷ ಬಿಟ್ಟು ನಿಧಾನ ಮೇಲೆತ್ತಿ. ಕಪ್ಪು ಅಂಟಿದಷ್ಟು ಎತ್ತರ ಹೂಳು. ಹೊರಹೋಗುವ ಕೊಳವೆಯ ಬಾಯಿಂದ ಹೂಳಿನ ಮೇಲ್ಭಾಗ 30 ಸೆಂಟಿಮೀಟರಿಗಿಂತ ಹತ್ತಿರ ಬಂದಿದ್ದರೆ, ಅಥವಾ ಮೇಲಿನ ಕೆನೆಯ ಅಡಿಭಾಗ 15 ಸೆಂಟಿಮೀಟರಿಗಿಂತ ಹತ್ತಿರ ಇಳಿದಿದ್ದರೆ ಖಾಲಿ ಮಾಡಿಸುವ ಹೊತ್ತು. ಸಾಮಾನ್ಯವಾಗಿ ಮೂರರಿಂದ ಐದು ವರ್ಷಕ್ಕೊಮ್ಮೆ. ಮುಚ್ಚಳ ತೆಗೆದಾಗ ತಲೆ ಒಳಗೆ ಬಗ್ಗಿಸಬೇಡಿ, ಒಳಗಿನ ಗಾಳಿಗೆ ಜೀವ ಹೋಗುತ್ತದೆ.

ಸಂಘದ ಮಟ್ಟಿಗೆ ಒಂದು ಮಾತು: ಅನುಮಾನ ಇರುವ ಮನೆಗೆ ಮಾತ್ರ ಹೋಗಬೇಡಿ. 40 ಟ್ಯಾಂಕೂ ಒಂದೇ ವಾರದಲ್ಲಿ, ಒಂದೇ ಗುತ್ತಿಗೆಯಲ್ಲಿ ನೋಡಿಸಿ. ಒಬ್ಬರನ್ನು ಬೊಟ್ಟು ಮಾಡಿದರೆ ಮುಂದಿನ ಸಭೆಗೆ ಅರ್ಧ ಜನ ಬರುವುದಿಲ್ಲ.

ಹುಲ್ಲುಹಾಸಿಗೆ ಹಾಕುವ ಗೊಬ್ಬರದ ಚೀಲದ ಮೇಲಿನ ಮೂರು ಅಂಕಿಯಲ್ಲಿ ನಡುವಿನದು (ಫಾಸ್ಫರಸ್‌ನದು) ಸೊನ್ನೆ ಇರಲಿ. ದಡದಿಂದ ಹತ್ತು ಮೀಟರ್ ಕತ್ತರಿ ಆಡಿಸದೆ ಬಿಡಿ, ಜೊಂಡು, ಪೊದೆ ಬೆಳೆಯಲಿ. ದೋಣಿ ಇಳಿಸಲು ಒಂದು ಕಾಲುದಾರಿ ಸಾಕು, ಅದೂ ಓರೆಯಾಗಿ. ನೇರ ಇಳಿಜಾರಿನ ದಾರಿ ಮಳೆಯಲ್ಲಿ ಕಾಲುವೆಯಾಗುತ್ತದೆ.

---

ಹೂಳಿನಾಳ:

ಒಳಗಿನ 20 ಕಿಲೊಗೆ ದಾರಿ ಮೂರು.

ತಳದಿಂದ ಗಾಳಿ ಬಿಡುವುದು. ಇದರ ಅಳತೆ ಕೆರೆಯ ಹರವಿನ ಮೇಲೆ: ಚದರ ಕಿಲೊಮೀಟರಿಗೆ ನಿಮಿಷಕ್ಕೆ 9.2 ಘನ ಮೀಟರ್ ಗಾಳಿ. ನಿಮ್ಮದು 0.25 ಚದರ ಕಿಲೊಮೀಟರ್, ನಿಮಿಷಕ್ಕೆ 2.3 ಘನ ಮೀಟರ್, ಹಗಲೂ ರಾತ್ರಿ. ದುಡ್ಡು ಉಳಿಸಲು ಅರ್ಧ ಸಾಮರ್ಥ್ಯದ್ದು ತಂದರೆ ಏನೂ ಮಾಡದಿದ್ದುದಕ್ಕಿಂತ ಕೆಟ್ಟದು: ತಳದ ಫಾಸ್ಫರಸ್ಸನ್ನು ಮೇಲೆ ತಂದು ಪಾಚಿಗೆ ಬಡಿಸುತ್ತದೆ, ತಳಕ್ಕೆ ಆಮ್ಲಜನಕ ಮಾತ್ರ ತಲುಪುವುದಿಲ್ಲ. ಮೇಲೆ ಕೆಳಗೆ ಉಷ್ಣತೆ ಒಂದೇ ಇರುವ ಕಾಲದಲ್ಲಿ ಶುರು ಮಾಡಬೇಕು. ಈಗಿನ 29 ಮತ್ತು 23ರಲ್ಲಿ ಒಮ್ಮೆಲೇ ಪೂರ್ತಿ ಓಡಿಸಿದರೆ ತಳದ ಕೊಳೆತ ಮೊಟ್ಟೆ ವಾಸನೆಯ ನೀರು ಮೇಲೆ ಬಂದು ಒಂದೇ ರಾತ್ರಿಯಲ್ಲಿ ಮೀನೆಲ್ಲ ಖಾಲಿ. ಶುರುವಿಗೆ ಮೊದಲ ದಿನ ಅರ್ಧ ಗಂಟೆ, ದಿನಕ್ಕೆ ಎರಡರಷ್ಟು, ಏಳನೇ ದಿನಕ್ಕೆ ನಿರಂತರ.

ಆಲಂ, ಅಂದರೆ ಅಲ್ಯೂಮಿನಿಯಂ ಸಲ್ಫೇಟ್. ಅಲ್ಯೂಮಿನಿಯಂ ಹಿಡಿದ ಫಾಸ್ಫರಸ್ಸನ್ನು ಆಮ್ಲಜನಕ ಹೋದರೂ ಬಿಡುವುದಿಲ್ಲ, ಇದರ ಬಲ ಅದೇ. ಆದರೆ ನಿಮ್ಮ ಕ್ಷಾರತೆ 45. ಒಂದು ಮಿಲಿಗ್ರಾಂ ಆಲಂ ಅರ್ಧ ಮಿಲಿಗ್ರಾಂ ಕ್ಷಾರತೆಯನ್ನು ತಿನ್ನುತ್ತದೆ. ಪಿಎಚ್ 6ಕ್ಕಿಂತ ಇಳಿದರೆ ಅಲ್ಯೂಮಿನಿಯಂ ಕರಗಿ ಮೀನಿಗೆ ವಿಷ. ಪಿಎಚ್ ಇಳಿಯದಂತೆ ಸೋಡಿಯಂ ಅಲ್ಯೂಮಿನೇಟ್ ಜೊತೆಗೂಡಿಸಿ, ಮೊದಲು ಜಾಡಿಗಳಲ್ಲಿ ನಿಮ್ಮದೇ ನೀರು ತುಂಬಿ ಪ್ರಮಾಣ ಪರೀಕ್ಷಿಸಿ, ಅನುಭವ ಇರುವ ಗುತ್ತಿಗೆದಾರರೇ ಮಾಡಬೇಕು. ಎಷ್ಟು ಹಾಕಬೇಕೆಂಬುದನ್ನು ನೀರಿನಿಂದಲ್ಲ, ಕೆಸರಿನ ಮಾದರಿಯಿಂದ ಲೆಕ್ಕ ಹಾಕಲು ಹೇಳಿ. ತೊರೆ, ಸೆಪ್ಟಿಕ್ ಸರಿಪಡಿಸದೆ ಹಾಕಿದರೆ ಹೊಸ ಹೂಳು ಅದರ ಮೇಲೆ ಕೂತು ಕೆಲಸ ಕೆಡುತ್ತದೆ.

ಮೂರನೆಯದು ಯಾರಿಗೂ ನೆನಪಾಗುವುದಿಲ್ಲ, ನನಗೆ ಇಷ್ಟದ್ದು ಅದೇ: ಕೋಡಿಯಲ್ಲಿ ಮೇಲಿನ ನೀರು ಹೋಗುವ ಬದಲು ತಳದ ನೀರು ಹೋಗಲಿ. ಪೋಲೆಂಡಿನ ಕೊರ್ಟೊವೊ ಕೆರೆಯಲ್ಲಿ 1956ರಲ್ಲೇ ಇಂಥ ಕೊಳವೆ ಹಾಕಿದ್ದರು. 5 ಮೀಟರ್ ಆಳದಿಂದ ಕೋಡಿಯಾಚೆಗೆ ಸೈಫನ್ ಕೊಳವೆ, ಬಾಯಿಗೆ ಜಾಲರಿ. ಸೆಕೆಂಡಿಗೆ 20 ಲೀಟರ್ ಹರಿದರೆ ದಿನಕ್ಕೆ 1,728 ಘನ ಮೀಟರ್, ತಳದಲ್ಲಿ 310 ಇರುವಷ್ಟು ಕಾಲ ದಿನಕ್ಕೆ ಅರ್ಧ ಕಿಲೊ ಫಾಸ್ಫರಸ್ ಕೆರೆಯಿಂದ ಆಚೆ. ವಿದ್ಯುತ್ ಬೇಡ. ಒಳಹರಿವಿಗಿಂತ ಹೆಚ್ಚು ಬಿಟ್ಟರೆ ಮಾತ್ರ ಮಟ್ಟ ಇಳಿಯುತ್ತದೆ. ಕೊಳವೆಯ ಅತಿ ಎತ್ತರದ ತಿರುವಿನಲ್ಲಿ ಗಾಳಿ ಸೇರಿ ಹರಿವು ನಿಲ್ಲುವುದು ಸಾಮಾನ್ಯ, ಅಲ್ಲೊಂದು ಗಾಳಿ ತೆಗೆಯುವ ಕವಾಟ ಇಡಿ. ಹೊರಬೀಳುವ ನೀರಿನಲ್ಲಿ ಆಮ್ಲಜನಕ ಇಲ್ಲ, ವಾಸನೆ ಇದೆ, ಅಮೋನಿಯಾ ಇದೆ. ಕಲ್ಲುಗಳ ಮೇಲೆ ಮೆಟ್ಟಿಲಾಗಿ ಬೀಳಿಸಿ, ಕೆಳಗಿನವರ ಒಪ್ಪಿಗೆ ಮತ್ತು ಪರವಾನಗಿ ಪಡೆದೇ ಮಾಡಿ. ನಿಮ್ಮ ಕೊಳೆ ಅವರ ಹಳ್ಳಕ್ಕೆ ಹೋಗುತ್ತಿದೆ, ಅದನ್ನು ಮುಚ್ಚಿಡಬೇಡಿ.

---

ಗಾಳ_ದಾರ:

ತಳದ ಮೀನು ಹಿಡಿದು ತೆಗೆಯುವುದನ್ನೂ ಲೆಕ್ಕಕ್ಕೆ ಸೇರಿಸಿ. ಹಸಿ ಮೀನಿನ ತೂಕದಲ್ಲಿ ನೂರಕ್ಕೆ ಅರ್ಧ ಭಾಗದಷ್ಟು ಫಾಸ್ಫರಸ್. ಒಂದು ಟನ್ ಸಾಮಾನ್ಯ ಗೆಂಡೆ ತೆಗೆದರೆ 4ರಿಂದ 5 ಕಿಲೊ ಆಚೆ, ಕೆಸರು ಕೆದಕುವುದೂ ನಿಲ್ಲುತ್ತದೆ. ಹೆಕ್ಟೇರಿಗೆ 100 ಕಿಲೊ ದಾಟಿದರೆ ಅವು ಜಲಸಸ್ಯ ಏಳಲು ಬಿಡುವುದಿಲ್ಲ.

ಆಮೇಲೆ, ನಸುಕಿನ ಆಮ್ಲಜನಕ 3.4 ಇರುವ ತಿಂಗಳಲ್ಲಿ ಬೆಳಗಿನ ಹೊತ್ತು ಹಿಡಿದು ಬಿಡುವ ಆಟ ಬೇಡ. ಗಾಳದಲ್ಲಿ ಸೆಣಸಿ ಸುಸ್ತಾದ ಮೀನಿಗೆ ಚೇತರಿಸಿಕೊಳ್ಳಲು ಆ ನೀರಿನಲ್ಲಿ ಉಸಿರಿಲ್ಲ. ಈಜಿಕೊಂಡು ಹೋಯಿತು ಅಂತ ಕಾಣುತ್ತದೆ, ಆಮೇಲೆ ಸಾಯುತ್ತದೆ.

---

ದಡದಮನೆ:

ಸಭೆಯಲ್ಲಿ ಮೈಲುತುತ್ತ ಕೈಬಿಟ್ಟಿದ್ದಾರೆ. ಸೆಪ್ಟಿಕ್ ತಪಾಸಣೆ, ತೊರೆಯ ಅಳತೆ ಈ ವರ್ಷ, ಸೈಫನ್‌ಗೆ ಅರ್ಜಿ. ಕೊನೆಯ ಪ್ರಶ್ನೆ: ಅಷ್ಟರವರೆಗೆ ಮಕ್ಕಳು ನೀರಿಗಿಳಿಯಬಹುದೇ, ಮೀನು ತಿನ್ನಬಹುದೇ?

---

ನೀರಳತೆ:

ಅಗಲ ಬಾಯಿಯ ಪಾರದರ್ಶಕ ಜಾಡಿಯಲ್ಲಿ ಮುಕ್ಕಾಲು ನೀರು ತುಂಬಿ ಫ್ರಿಜ್ಜಿನಲ್ಲಿ ಅಲುಗಿಸದೆ ಒಂದು ರಾತ್ರಿ ಇಡಿ. ಹಸಿರು ಮೇಲೆದ್ದು ಉಂಗುರದ ಹಾಗೆ ಕಟ್ಟಿದರೆ ನೀಲಿಹಸಿರು ಪಾಚಿ ಎಂದೇ ತಿಳಿಯಿರಿ. ಕೆಳಗೆ ಕೂತರೆ ಬಹುತೇಕ ಬೇರೆ ಪಾಚಿ. ದಡದಲ್ಲಿ ಕೋಲು ಹಾಕಿ ಎತ್ತಿದಾಗ ಕೂದಲಿನಂತೆ ಜೋತುಬಿದ್ದರೆ ಅದು ನಿರುಪದ್ರವಿ ಎಳೆಪಾಚಿ, ಬಣ್ಣ ಬಳಿದಂತೆ ಅಂಟಿದರೆ ಎಚ್ಚರ. ಇವು ವಿಷ ಇದೆಯೇ ಎಂದು ಹೇಳುವುದಿಲ್ಲ. ವಿಷಕ್ಕೆ ಮೈಕ್ರೊಸಿಸ್ಟಿನ್ (ನೀಲಿಹಸಿರು ಪಾಚಿಯ ಒಂದು ವಿಷ) ಪರೀಕ್ಷೆ ಮಾಡಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಟ್ಟ ಕುಡಿಯುವ ನೀರಿಗೆ ಲೀಟರಿಗೆ 1 ಮೈಕ್ರೊಗ್ರಾಂ, ಈಜುವ ನೀರಿಗೆ 24. ಕುದಿಸಿದರೆ ಈ ವಿಷ ಹೋಗುವುದಿಲ್ಲ.

ಕೆನೆ ಕಟ್ಟಿದ ದಡಕ್ಕೆ ಮಕ್ಕಳನ್ನೂ ನಾಯಿಯನ್ನೂ ಬಿಡಬೇಡಿ. ನಾಯಿ ಮೈ ನೆಕ್ಕಿಕೊಳ್ಳುತ್ತದೆ, ಅದಕ್ಕೇ ಅದಕ್ಕೆ ಅಪಾಯ ಹೆಚ್ಚು. ಗಾಳಿ ಬೀಸುವ ದಿಕ್ಕಿನ ಕೊನೆಯ ದಡದಲ್ಲಿ ಕೆನೆ ಸೇರುತ್ತದೆ, ಬೆಳಿಗ್ಗೆ ಚೆನ್ನಾಗಿದ್ದ ಜಾಗ ಸಂಜೆಗೆ ಕೆಟ್ಟಿರಬಹುದು. ಸೂಚನಾ ಫಲಕಕ್ಕೆ ತಿರುಗಿಸುವ ಮುಖ ಇರಲಿ. ಮೀನಾದರೆ ಕರುಳು, ಪಿತ್ತಜನಕಾಂಗ ಪೂರ್ತಿ ತೆಗೆದು, ಮಾಂಸವನ್ನು ನಲ್ಲಿ ನೀರಿನಲ್ಲಿ ತೊಳೆದು ಬಳಸಿ. ಸತ್ತು ತೇಲಿದ್ದು ಬೇಡವೇ ಬೇಡ.